ವಿಜ್ಞಾನ ವಿಚಾರ: ಎಣಿಕೆಯಿಂದ ಒಡಲನ್ನರಿಯುವುದು

ಪ್ರೋಟಾನು ಮೂರು ಕ್ವಾರ್ಕುಗಳಿಂದಾದುದೆಂದೂ, ಮೆಸಾನೆಂಬ ಕಣವು ಒಂದು ಕ್ವಾರ್ಕು ಮತ್ತು ಒಂದು ಪ್ರತಿಕ್ವಾರ್ಕು ಕೂಡಿದ ಜೋಡಿಯೆಂದೂ ವಾಚಕರು ಕೇಳಿರಬಹುದು. ಇಂತಹ ಕಣಗಳಿಗೆಲ್ಲ ಹ್ಯಾಡ್ರಾನುಗಳೆಂದು ಹೆಸರು. ನಾಲ್ಕೈದು ಸೇರಿಯೂ ಒಂದು ಕಣವಾಗಬಹುದೆಂದು ಅಮೆರಿಕದ ಗೆಲ್‌ಮನ್ ಪಂಡಿತರು 1964ರಲ್ಲಿಯೇ ಸೂಚಿಸಿದ್ದರು. 2003ರಲ್ಲಿ ಜಪಾನಿನ ಬೆಲ್ ಪ್ರಯೋಗದವರಿಗೆ ಅಂತಹ ವಿಲಕ್ಷಣ ಕಣವೊಂದು ದೊರೆಯಿತು. ಅದರ ತೂಕವು ನಾಲ್ಕು ಪ್ರೋಟಾನುಗಳಿಗಿಂತ ತುಸು ಹೆಚ್ಚು; ಹೆಸರು ಎಕ್ಸ್ (3872).

ಇದರ ಒಡಲು ಎಂತಹುದು? ನಾಲ್ಕು ಕ್ವಾರ್ಕುಗಳು ಒಂದೇ ಗಂಟಿನಲ್ಲಿ ಬಿಗಿದುಕೊಂಡಿವೆಯೆಂದು ಕೆಲವರ ಮತ. ಎರಡು ಮೆಸಾನುಗಳು ಸಡಿಲವಾಗಿ ಕೈಹಿಡಿದುಕೊಂಡಿವೆಯೆಂದು ಬೇರೆಯವರ ಮತ. ಅಂತಹ ಎರಡು ಮೆಸಾನುಗಳ ತೂಕದ ಮೊತ್ತವೂ ಈ ಕಣದ ತೂಕವೂ ಹೆಚ್ಚುಕಡಿಮೆ ಒಂದೇ ಆಗಿರುವುದು ಇವರಿಗೆ ಆಧಾರ. ಹುಟ್ಟಿದೊಡನೆ ಅಳಿಯುವ ಕಣವನ್ನು ಬಿಚ್ಚಿ ನೋಡುವುದು ಸಾಧ್ಯವಿಲ್ಲ. ಆದುದರಿಂದ ಪಂಡಿತರು ಒಂದು ಉಪಾಯವನ್ನು ಹಿಡಿದರು: ಪ್ರೋಟಾನುಗಳನ್ನು ಡಿಕ್ಕಿ ಹೊಡೆಸಿದಾಗ ಇಂತಹ ಕಣಗಳು ಎಷ್ಟು ಹುಟ್ಟಬೇಕೆಂದು ಮೊದಲೇ ಲೆಕ್ಕ ಹಾಕಿ, ಆಮೇಲೆ ಎಣಿಸಿ ನೋಡುವುದು.

ಬದನಗುಪ್ಪೆಯ ಕಡೆಯವರಿಗೆ ಇದನ್ನು ತಿಳಿಸುವುದು ಸುಲಭ. ಚಾಮರಾಜನಗರದಲ್ಲಿ ಆಷಾಢ ಮಾಸದ ಚಾಮರಾಜೇಶ್ವರ ರಥೋತ್ಸವಕ್ಕೆ ನವದಂಪತಿಗಳು ಬರುವುದು ವಾಡಿಕೆಯಷ್ಟೆ. ಆ ನೂಕುನುಗ್ಗಲಿನಲ್ಲಿ ಕಿರುಬೆರಳು ಮಾತ್ರ ಹಿಡಿದ ಇಬ್ಬರು ಅಗಲದೆ ಇರಬೇಕಾದರೆ, ಒಂದೇ ದಿಕ್ಕಿಗೆ, ಒಂದೇ ನಡಿಗೆಯಲ್ಲಿ ಸಾಗಬೇಕು. ಅಂತಹ ಜೋಡಿಗಳು ವಿರಳ. ಡಿಕ್ಕಿಯಿಂದ ಚಿಮ್ಮಿ ಓಡುವ ಮೆಸಾನುಗಳ ಪಾಡೂ ಇದೇ.

2009ರಲ್ಲಿ ಇಟಲಿ ಮತ್ತು ಅಮೆರಿಕದ ಪಂಡಿತರು ಹೀಗೆಯೇ ಲೆಕ್ಕವಿಟ್ಟರು. ಕಣವು ಸಡಿಲ ಜೋಡಿಯಾಗಿದ್ದರೆ ಅಮೆರಿಕದ ಟೆವಟ್ರಾನ್ ಯಂತ್ರದಲ್ಲಿ ಕಂಡಷ್ಟು ಹುಟ್ಟಲಾರದೆಂದು ತೋರಿತು. ಅದೇ ವರ್ಷ ಆರ್ಟ್ವಾಸನೆ ಮತ್ತು ಬ್ರಾಟನ್ ಎಂಬವರು ಪ್ರತ್ಯುತ್ತರವಿತ್ತರು: ಹುಟ್ಟಿದ ಮೇಲೆಯೂ ಮೆಸಾನುಗಳು ಒಂದನ್ನೊಂದು ಸೆಳೆಯುವುದರಿಂದ ಜೋಡಿಗಳು ಹೆಚ್ಚುತ್ತವೆ. ಇವರು ಜಿನೀವಾದ ದೊಡ್ಡ ಯಂತ್ರಕ್ಕೂ ಸಂಖ್ಯೆಯನ್ನು ಮುಂದಾಗಿ ತಿಳಿಸಿದರು. 2013ರಲ್ಲಿ ಅಲ್ಲಿನ ಸಿ.ಎಂ.ಎಸ್. ಪ್ರಯೋಗದವರು ಎಣಿಸಿದಾಗ ದೊರೆತುದು ಅದಕ್ಕಿಂತ ಬಹಳ ಕಡಿಮೆ! ಒಂದು ಲೆಕ್ಕ ಕೆಳಗೆ ಬಿತ್ತು, ಇನ್ನೊಂದು ಮೇಲೆ ಹಾರಿತು.

2021ರಲ್ಲಿ ಜಿನೀವಾದ ಎಲ್.ಎಚ್.ಸಿ.ಬಿ. ಪ್ರಯೋಗದವರು ಮತ್ತೊಂದು ಸಂಗತಿಯನ್ನು ಪ್ರಕಟಿಸಿದರು. ಡಿಕ್ಕಿಯಲ್ಲಿ ಕಣಗಳ ಸಂದಣಿ ಹೆಚ್ಚಿದಷ್ಟೂ, ಪರಿಚಿತ ಕಣವೊಂದಕ್ಕೆ ಹೋಲಿಸಿದರೆ, ಈ ಎಕ್ಸಿನ ಪಾಲು ಇಳಿಯುತ್ತದೆ. ಜಾತ್ರೆಯ ನೂಕಾಟದಲ್ಲಿ ಸಡಿಲ ಕೈ ಬಿಟ್ಟುಹೋಗುವುದನ್ನು ಇದು ನೆನಪಿಗೆ ತರುವುದಾದರೂ, ವಾದವಿನ್ನೂ ತೀರಿಲ್ಲ.

ಲೆಕ್ಕ ತಪ್ಪಿದುದರಿಂದ ಶ್ರಮ ವ್ಯರ್ಥವಾಯಿತೆಂದು ತಿಳಿಯಬಾರದು. ಬೆಳೆ ಬಂದ ಮೇಲೆ ಕಾರಣ ಹೇಳುವವರು ಊರಿಗೆಲ್ಲ ಇರುವರು. ಬಿತ್ತುವಾಗಲೇ ಇಷ್ಟು ಖಂಡುಗವೆಂದು ಹೇಳಿ, ಕಣದಲ್ಲಿ ಅಳೆಯಲು ಒಪ್ಪಿ ನಿಲ್ಲುವವನ ಮಾತಿನಿಂದಲೇ ಮುಂದಿನ ಬೇಸಾಯಕ್ಕೆ ಬುದ್ಧಿ ಬರುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಈಗ ಸಿ.ಎಂ.ಎಸ್. ಪ್ರಯೋಗದಲ್ಲಿ ಪಾಲುಗಾರರು. ಈ ಅಳತೆಯ ಕಾರ್ಯವನ್ನು ಮುಂದುವರಿಸುವವರಲ್ಲಿ ನಮ್ಮ ನಾಡಿನ ಮಕ್ಕಳೂ ಸೇರಲಿ.