ಯಂತ್ರಕ್ಕೂ ವರ್ಣಮಾಲೆಯನ್ನು ಕಲಿಸಬೇಕು

ಅಮೃತಹಳ್ಳಿಯ ವಿದ್ಯಾರ್ಥಿಯೊಬ್ಬನು ತನ್ನೂರಿನ ಕೆರೆಯನ್ನೂ ಗಿಡಮರಗಳನ್ನೂ ಕುರಿತು ಕಿರುಪುಸ್ತಕವೊಂದನ್ನು ಬರೆದನೆಂದು ಭಾವಿಸೋಣ. ಅದರ ಕೊನೆಗೆ ಅಕಾರಾದಿಯಾದ ಪದಸೂಚಿ ಬೇಕು. ಹಿಂದೆ ಇದಕ್ಕಾಗಿ ಒಂದೊಂದು ಪದವನ್ನೂ ಒಂದೊಂದು ಚೀಟಿಯಲ್ಲಿ ಬರೆದು, ಚೀಟಿಗಳನ್ನು ಕೈಯಿಂದಲೇ ಜೋಡಿಸಬೇಕಾಗಿತ್ತು. ಇಂದು ಆ ಶ್ರಮವನ್ನು ಗಣಕವು ವಹಿಸಿಕೊಂಡಿದೆ.

ಅಮೆರಿಕದ ಗಣಕವಿಜ್ಞಾನಿ ಡೊನಾಲ್ಡ್ ಕನೂತ್ 1978ರಲ್ಲಿ ಹೊರತಂದ ‘ಟೆಕ್’ ಎಂಬ ಅಕ್ಷರಜೋಡಣೆಯ ವ್ಯವಸ್ಥೆಯನ್ನೇ ನೋಡಿರಿ. ಲೇಖಕನು ಬೇಕಾದ ಪದಕ್ಕೆ ಗುರುತು ಹಾಕಿದರೆ ಸಾಕು. ಪುಟಗಳು ಸಿದ್ಧವಾಗುವಾಗ ಆ ಪದವೂ ಪುಟಸಂಖ್ಯೆಯೂ ಬೇರೊಂದು ಕಡತದಲ್ಲಿ ದಾಖಲಾಗುತ್ತವೆ. ಇನ್ನೊಂದು ತಂತ್ರಾಂಶವು ಅವನ್ನು ಕ್ರಮಪಡಿಸುತ್ತದೆ. ಮರುಜೋಡಣೆಯಲ್ಲಿ ಆ ಪಟ್ಟಿಯು ಪುಸ್ತಕವನ್ನು ಸೇರುತ್ತದೆ.

ಆದರೆ ಆ ಕ್ರಮವು ಯಾವ ಕ್ರಮ? ಗಣಕವು ಅಕ್ಷರವನ್ನರಿಯದು; ಸಂಖ್ಯೆಯನ್ನು ಮಾತ್ರ ಅರಿಯುತ್ತದೆ. ಯೂನಿಕೋಡ್ ಸಂಕೇತದಲ್ಲಿ ‘ಲ’ 3250, ‘ಳ’ 3251, ‘ವ’ 3253, ‘ಸ’ 3256, ‘ಹ’ 3257. ಭಾರತೀಯ ಲಿಪಿಗಳಿಗೆಲ್ಲ ಸಮಾನವಾದ ವಿನ್ಯಾಸವಿರಲೆಂದು ರೂಪಿಸಿದ ‘ಇಸ್ಕಿ’ ಸಂಕೇತದಿಂದ ಬಂದ ಏರ್ಪಾಡು ಇದು. ನಮ್ಮ ವರ್ಣಮಾಲೆಯಲ್ಲಾದರೋ ಳಕಾರವು ಹಕಾರದ ಅನಂತರ, ಕಟ್ಟಕಡೆಗೆ ನಿಲ್ಲುತ್ತದೆ. ಆದುದರಿಂದ ಬರಿಯ ಸಂಖ್ಯೆಯನ್ನು ನಂಬಿದ ಯಂತ್ರವು ‘ಹಳ್ಳಿ, ಹವಾಮಾನ, ಹಸಿರು’ ಎಂದು ಜೋಡಿಸುತ್ತದೆ. ನಿಘಂಟಿನ ಕ್ರಮವು ‘ಹವಾಮಾನ, ಹಸಿರು, ಹಳ್ಳಿ’ ಎಂದು.

ಇದು ಅಲ್ಪದೋಷವೆಂದು ಕೆಲವರು ಹೇಳಬಹುದು. ನನಗೆ ಹಾಗೆ ತೋರುವುದಿಲ್ಲ. ಇರಬೇಕಾದ ಸ್ಥಾನದಲ್ಲಿ ಪದವು ಕಾಣದಿದ್ದರೆ, ಆ ವಿಷಯವೇ ಪುಸ್ತಕದಲ್ಲಿಲ್ಲವೆಂದು ವಾಚಕನು ತಿಳಿಯುತ್ತಾನೆ. ವಿಜ್ಞಾನದ ಗ್ರಂಥಕ್ಕೆ ಇದಕ್ಕಿಂತ ದೊಡ್ಡ ಹಾನಿ ಯಾವುದು?

ಹಾಗೆಂದು ಸಂಕೇತಸಂಖ್ಯೆಗಳನ್ನೇ ಬದಲಿಸಬೇಕೆನ್ನುವುದು ಸರಿಯಲ್ಲ. ಅವು ಅಕ್ಷರಗಳ ಮನೆಯ ಸಂಖ್ಯೆಗಳಿದ್ದಂತೆ. ಬದಲಾದರೆ ಹಿಂದೆ ಬರೆದುದೆಲ್ಲ ಕೆಡುತ್ತದೆ. ಕರಡಿನಲ್ಲಿ ಪ್ರತಿ ಸಲವೂ ಕೈಯಿಂದ ತಿದ್ದುವುದೂ ಪರಿಹಾರವಲ್ಲ. ಒಂದು ಪುಟ ಹೆಚ್ಚಿದರೆ ಪಟ್ಟಿಯು ಮತ್ತೆ ಹುಟ್ಟುತ್ತದೆ, ಅದರೊಡನೆ ತಪ್ಪೂ ಹುಟ್ಟುತ್ತದೆ. ಸಂಕೇತ ಬೇರೆ, ಅನುಕ್ರಮ ಬೇರೆ. ಯೂನಿಕೋಡ್ ವ್ಯವಸ್ಥೆಯೇ ಅನುಕ್ರಮಕ್ಕೆ ಪ್ರತ್ಯೇಕ ವಿಧಾನವನ್ನಿರಿಸಿ, ಆಯಾ ಭಾಷೆಯ ಕ್ರಮಕ್ಕೆ ಅದರಲ್ಲಿ ಅವಕಾಶವಿತ್ತಿದೆ. ಪದಸೂಚಿಯ ತಂತ್ರಾಂಶಕ್ಕೆ ಕನ್ನಡದ ಆ ನಿಯಮವನ್ನು ಒಮ್ಮೆ ಒದಗಿಸಿದರೆ ಮುಂದಿನ ಪುಸ್ತಕಗಳೆಲ್ಲವೂ ಸರಿಯಾಗುತ್ತವೆ.

ವಿದ್ಯಾರ್ಥಿಗಳೇ, ಈ ಮೂರು ಪದಗಳನ್ನು ನಿಮ್ಮ ಗಣಕಕ್ಕೆ ಕೊಟ್ಟು ಪರೀಕ್ಷಿಸಿರಿ. ಕ್ರಮ ತಪ್ಪಿದರೆ ಯಂತ್ರವನ್ನು ದೂರಬೇಡಿರಿ. ಅದಕ್ಕೆ ಕನ್ನಡವನ್ನು ಕಲಿಸಬೇಕಾದವರು ಕನ್ನಡವನ್ನು ಬಲ್ಲ ನಾವೇ.