ಮುಪ್ಪಿನ ಸೋಲು ಯಾರ ಲೆಕ್ಕಕ್ಕೆ?

ಜಗತ್ತಿನ ಮುಷ್ಟಿಮಲ್ಲರಲ್ಲಿ ಯಾರು ಹೆಚ್ಚು ಎಂಬ ಚರ್ಚೆ ಎದ್ದಲ್ಲೆಲ್ಲ ಯಾರಾದರೊಬ್ಬರು ಸೋಲುಗೆಲುವಿನ ಪಟ್ಟಿಯನ್ನು ಮುಂದೆ ಹಿಡಿಯುತ್ತಾರೆ. ರಾಕಿ ಮಾರ್ಸಿಯಾನೊ 49 ಪಂದ್ಯ ಆಡಿ 49ನ್ನೂ ಗೆದ್ದ. ಜೋ ಲೂಯಿಸ್ 3 ಸೋತ. ಮಹಮ್ಮದ್ ಅಲಿ 5 ಸೋತ. ಶುಗರ್ ರೇ ರಾಬಿನ್‌ಸನ್ ಅಂತೂ 19 ಸಲ ಸೋತ. ಅಂದಮೇಲೆ ಮಾರ್ಸಿಯಾನೊನೇ ದೊಡ್ಡವನು, ಮಾತು ಮುಗಿಯಿತು ಎನ್ನುತ್ತಾರೆ. ಈ ಲೆಕ್ಕ ತಪ್ಪು. ತಪ್ಪಷ್ಟೇ ಅಲ್ಲ, ದುಡಿದು ಸವೆದ ಮನುಷ್ಯನಿಗೆ ಮಾಡುವ ಅನ್ಯಾಯ ಎಂಬುದು ನಮ್ಮ ಅಭಿಪ್ರಾಯ.

ಅಂಗಡಿ ನಡೆಸುವವರಿಗೆ ಗೊತ್ತು: ಕಿರ್ದಿಯಲ್ಲಿ ಮೊತ್ತವೊಂದನ್ನೇ ನೋಡಿದರೆ ಸಾಲದು, ತಾರೀಖನ್ನೂ ನೋಡಬೇಕು. ಸೋಲಿಗೂ ಒಂದು ತಾರೀಖಿದೆ. ರಾಬಿನ್‌ಸನ್ 1940ರಲ್ಲಿ ಕಣಕ್ಕಿಳಿದ. ಅಲ್ಲಿಂದ 1951ರ ಜುಲೈವರೆಗೆ ಸುಮಾರು 130 ಪಂದ್ಯಗಳಲ್ಲಿ ಅವನು ಸೋತದ್ದು ಒಂದೇ ಒಂದು. ಅದೂ 1943ರಲ್ಲಿ, ತನಗಿಂತ ಹೆಚ್ಚು ತೂಕದ ಜೇಕ್ ಲಮೊಟ್ಟಾನ ಎದುರು. ಮೂರು ವಾರದಲ್ಲಿ ಅದೇ ಲಮೊಟ್ಟಾನನ್ನು ಸೋಲಿಸಿ ಸೇಡು ತೀರಿಸಿಕೊಂಡ. ಉಳಿದ 18 ಸೋಲುಗಳೂ ಆಮೇಲಿನ 14 ವರ್ಷಗಳಲ್ಲಿ ಬಂದವು. 1965ರಲ್ಲಿ, 44ನೆಯ ವಯಸ್ಸಿನಲ್ಲಿ, ಒಂದೇ ವರ್ಷದಲ್ಲಿ ಐದು ಸಲ ಸೋತು ಕೈಕವಚ ಬಿಚ್ಚಿಟ್ಟ. 19 ಎಂಬ ಅಂಕಿಯನ್ನು ಎತ್ತಿ ಆಡುವವರು ಈ ತಾರೀಖುಗಳನ್ನು ಓದಿಲ್ಲ.

ಜೋ ಲೂಯಿಸನ ಕಥೆ ಇನ್ನೂ ಕಠೋರವಾದದ್ದು. ಅಲಬಾಮಾ ಸೀಮೆಯಲ್ಲಿ ಪಾಲಿಗೆ ಹೊಲ ಉಳುವ ಬಡ ಕಪ್ಪು ಜನರ ಮನೆಯಲ್ಲಿ 1914ರಲ್ಲಿ ಹುಟ್ಟಿದ. ಡೆಟ್ರಾಯಿಟಿಗೆ ಬಂದು ಫೋರ್ಡ್ ಕಾರಖಾನೆಯಲ್ಲಿ ಕೂಲಿ ಮಾಡಿದ. 1937ರಲ್ಲಿ ಹೆವಿವೇಟ್ ಜಗಜಟ್ಟಿಯಾಗಿ, 1949ರಲ್ಲಿ ತಾನಾಗಿಯೇ ನಿವೃತ್ತನಾಗುವವರೆಗೆ 25 ಸಲ ಪಟ್ಟ ಉಳಿಸಿಕೊಂಡ. ಯುದ್ಧಕಾಲದಲ್ಲಿ, 1942ರಲ್ಲಿ, ಎರಡು ಪಂದ್ಯಗಳ ಸಂಪಾದನೆಯನ್ನು ನೌಕಾಪಡೆ ಮತ್ತು ಭೂಸೇನೆಯ ಪರಿಹಾರ ನಿಧಿಗಳಿಗೆ ಕೊಟ್ಟ. ದಾನಕೊಟ್ಟ ಹಣವೂ ಆದಾಯವೇ ಎಂದು ಸರ್ಕಾರ ತೆರಿಗೆ ಹಾಕಿತು. ಅವನ ಧಾರಾಳತನ, ಹಣ ನೋಡಿಕೊಂಡವರ ಬೇಜವಾಬ್ದಾರಿ, ದಂಡ, ಬಡ್ಡಿ ಎಲ್ಲ ಸೇರಿ ಬಾಕಿ ಬೆಟ್ಟವಾಯಿತು. ಗುದ್ದಾಡುವುದೊಂದೇ ಅವನಿಗೆ ಗೊತ್ತಿದ್ದ ಕಸುಬು. ಮತ್ತೆ ಕಣಕ್ಕೆ ಬಂದ. 1950ರಲ್ಲಿ ಎಝರ್ಡ್ ಚಾರ್ಲ್ಸನಿಗೆ ಸೋತ. 1951ರ ಅಕ್ಟೋಬರ್ 26ರಂದು ನ್ಯೂಯಾರ್ಕಿನಲ್ಲಿ, 37ರ ಲೂಯಿಸನನ್ನು 28ರ ಮಾರ್ಸಿಯಾನೊ ಎಂಟನೆಯ ಸುತ್ತಿನಲ್ಲಿ ಹಗ್ಗದ ಆಚೆಗೆ ಕೆಡವಿದ. ಲೂಯಿಸನ ಮೂರು ಸೋಲುಗಳಲ್ಲಿ ಎರಡು ಇವು. ಇವನ್ನು ಬರೆಯಬೇಕಾದದ್ದು ತೆರಿಗೆ ಇಲಾಖೆಯ ಖಾತೆಗೆ.

ಇದರಿಂದ ಮಾರ್ಸಿಯಾನೊವಿನ ಹೆಸರಿಗೆ ಕುಂದು ತರುವ ಉದ್ದೇಶ ನಮಗಿಲ್ಲ. ಅವನೂ ನಮ್ಮವನೇ, ಬ್ರಾಕ್ಟನ್ ಎಂಬ ಊರಿನ ಜೋಡಿನ ಕಾರಖಾನೆಯ ಕೆಲಸಗಾರನ ಮಗ. ಎದುರಿಗೆ ಬಂದವರನ್ನೆಲ್ಲ ಎದುರಿಸಿದ, 1956ರಲ್ಲಿ 32ನೆಯ ವಯಸ್ಸಿಗೇ ಸಾಕೆಂದು ನಿಂತ. ಆದರೆ ಸೋತವನ ವಯಸ್ಸನ್ನು ಕೇಳುವುದಾದರೆ ಗೆದ್ದವನ ಎದುರಾಳಿಯ ವಯಸ್ಸನ್ನೂ ಕೇಳಬೇಕು. ಅವನು ಪಟ್ಟ ಗೆದ್ದುಕೊಂಡದ್ದು 38 ವರ್ಷದ ಜೋ ವಾಲ್ಕಾಟ್‌ನಿಂದ. ‘ಒಂದೂ ಸೋಲಿಲ್ಲ’ ಎಂಬುದು ದೊಡ್ಡ ಮಾತೇ ಸರಿ, ಅದೊಂದೇ ಸಾಕ್ಷಿಯಲ್ಲ.

ಇನ್ನು ಅಲಿ. ವಿಯೆಟ್ನಾಂ ಯುದ್ಧಕ್ಕೆ ಹೋಗುವುದಿಲ್ಲವೆಂದು 1967ರಲ್ಲಿ ನಿರಾಕರಿಸಿದ್ದಕ್ಕೆ ಅವನ ಪಟ್ಟ ಕಸಿದುಕೊಂಡು, 25ರಿಂದ 28ರವರೆಗಿನ ಮೂರೂವರೆ ವರ್ಷ ಅವನನ್ನು ಕಣದಿಂದ ಹೊರಗಿಟ್ಟರು. 1971ರಲ್ಲಿ ಸುಪ್ರೀಂ ಕೋರ್ಟು ಶಿಕ್ಷೆಯನ್ನು ತಳ್ಳಿಹಾಕಿತು, ಆದರೆ ಕಳೆದ ಪ್ರಾಯವನ್ನು ಯಾವ ಕೋರ್ಟೂ ಮರಳಿ ಕೊಡಲಾರದು. 1980ರ ಅಕ್ಟೋಬರಿನಲ್ಲಿ ಅವನು ಲ್ಯಾರಿ ಹೋಮ್ಸನ ಎದುರು ನಿಂತಾಗ 38 ವರ್ಷ. ಹೋಮ್ಸ್ ಹಿಂದೆ ಅವನ ಅಭ್ಯಾಸಕ್ಕೆ ಜೊತೆಯಾಗುತ್ತಿದ್ದ ಹುಡುಗ. ಹತ್ತು ಸುತ್ತು ಹೊಡೆಸಿಕೊಂಡ ಮೇಲೆ ಅಲಿಯ ಕಡೆಯವರೇ ಪಂದ್ಯ ನಿಲ್ಲಿಸಿದರು. ಅಷ್ಟಾದರೂ ಮಾತಾಡಿಕೊಂಡ ಹಣ ಪೂರ್ತಿ ಕೈಸೇರಲಿಲ್ಲ. ಅದಕ್ಕಾಗಿ ದಾವೆ ಹೂಡಬೇಕಾಯಿತು. 1984ರಲ್ಲಿ ಅವನಿಗೆ ಪಾರ್ಕಿನ್ಸನ್ ಎಂಬ ನಡುಕದ ರೋಗವಿದೆಯೆಂದು ಗೊತ್ತಾಯಿತು.

ಮುಂದೇನಾಯಿತು ನೋಡಿ. ಅಲಿಯನ್ನು ಹೊಡೆದ ಹೋಮ್ಸನಿಗೂ 38 ತುಂಬಿತು. 1988ರ ಜನವರಿಯಲ್ಲಿ 21 ವರ್ಷದ ಮೈಕ್ ಟೈಸನ್ ಅವನನ್ನು ನಾಲ್ಕನೆಯ ಸುತ್ತಿನಲ್ಲಿ ಮಲಗಿಸಿದ. ಟೈಸನನಿಗೂ 38 ಬಂತು; 2003ರಲ್ಲಿ ದಿವಾಳಿ ಅರ್ಜಿ ಹಾಕಿದವನು 2005ರಲ್ಲಿ ಕೆವಿನ್ ಮೆಕ್‌ಬ್ರೈಡ್‌ನ ಎದುರು ಪಂದ್ಯವನ್ನು ಅರ್ಧಕ್ಕೇ ಬಿಟ್ಟ. ಅಷ್ಟಕ್ಕೂ ಮುಗಿಯಲಿಲ್ಲ. 2024ರ ನವೆಂಬರಿನಲ್ಲಿ, 58ನೆಯ ವಯಸ್ಸಿನಲ್ಲಿ, 27ರ ಜೇಕ್ ಪಾಲ್‌ನ ಮುಂದೆ ಅವನನ್ನು ನಿಲ್ಲಿಸಿ ಜಗತ್ತಿಗೆಲ್ಲ ತೋರಿಸಿದರು. ಪ್ರಾಯದಲ್ಲಿ ಮುದಿಯನನ್ನು ಹೊಡೆದವನು ಮುಪ್ಪಿನಲ್ಲಿ ಹೊಡೆಸಿಕೊಳ್ಳುತ್ತಾನೆ. ಪ್ರತಿ ಸಲವೂ ಲಾಭ ಎಣಿಸಿದವರು ಹಗ್ಗದ ಹೊರಗಿದ್ದವರು.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ. ಸೋತಾಗಲೆಲ್ಲ ವಯಸ್ಸಿನ ನೆಪ ಹೇಳಿದರೆ ಸೋತವನೇ ಇಲ್ಲದಂತಾಗುವುದಿಲ್ಲವೇ? ಜಾರ್ಜ್ ಫೋರ್‌ಮನ್ 1994ರಲ್ಲಿ 45ನೆಯ ವಯಸ್ಸಿನಲ್ಲಿ ಜಗಜಟ್ಟಿ ಪಟ್ಟವನ್ನು ಮತ್ತೆ ಗೆಲ್ಲಲಿಲ್ಲವೇ? ನ್ಯಾಯವಾದ ಪ್ರಶ್ನೆ. ಉತ್ತರವೂ ಸರಳ. ಹುಟ್ಟಿದ ವರ್ಷ ನೋಡಿ ಗೆರೆ ಎಳೆಯಬಾರದು. ಸೋಲಿಗೆ ಮುಂಚೆಯೇ ಸಿಕ್ಕ ಸಾಕ್ಷಿ ನೋಡಿ ಎಳೆಯಬೇಕು. ಅಲಿಯ ವೈದ್ಯ ಫರ್ಡಿ ಪಚೆಕೊ 1977ರಲ್ಲೇ, ಅಂದರೆ ಹೋಮ್ಸನ ಪಂದ್ಯಕ್ಕೆ ಮೂರು ವರ್ಷ ಮೊದಲೇ, ಇನ್ನು ಆಡಬಾರದೆಂದು ಎಚ್ಚರಿಸಿ, ಮಾತು ನಡೆಯದಿದ್ದಾಗ ಅವನನ್ನು ಬಿಟ್ಟುಹೋಗಿದ್ದ. ಹಾಗೆ ಗೆರೆ ಬಿದ್ದ ಮೇಲಿನ ಸೋಲು ವಯಸ್ಸನ್ನು ತೋರಿಸುತ್ತದೆಯೇ ಹೊರತು ವಿದ್ಯೆಯನ್ನಲ್ಲ. ಮುಪ್ಪಿನ ಗೆಲುವಾದರೋ ವಿದ್ಯೆ ಇಲ್ಲದೆ ಬರುವುದಿಲ್ಲ, ಅದು ಜಮೆಯಾಗಲೇಬೇಕು. ಆದರೆ 1971ರಲ್ಲಿ ಜೋ ಫ್ರೇಜಿಯರ್ ಅಲಿಯನ್ನು ಗೆದ್ದದ್ದನ್ನು ಈ ನೆಪದಲ್ಲಿ ಅಳಿಸಲಾಗದು. ಆಗ ಅಲಿಗೆ ಇನ್ನೂ 29.

ಈ ಅಳತೆಯಲ್ಲಿ ತೂಗಿದರೆ ನಮ್ಮ ಮಟ್ಟಿಗೆ ಮೊದಲ ಸ್ಥಾನ, 19 ಸಲ ಸೋತ ಆ ರಾಬಿನ್‌ಸನ್‌ಗೇ ಸಲ್ಲಬೇಕು. ಒಪ್ಪದವರು ವಾದಿಸಲಿ, ಆದರೆ ತಾರೀಖು ಹಿಡಿದು ವಾದಿಸಲಿ.

ಇವರೆಲ್ಲ ಹಣದಾಸೆಯಿಂದ ತಾವಾಗಿಯೇ ಮರಳಿ ಬಂದರು, ಯಾರೂ ಎಳೆದು ತರಲಿಲ್ಲ ಎನ್ನುವವರೂ ಇದ್ದಾರೆ. ಚಪ್ಪಾಳೆಯ ಚಟವೂ ಒಂದು ಕಾರಣವೆಂದು ಒಪ್ಪೋಣ. ಆದರೆ ಕಣ್ಣು ಮಂಜಾದ ಮೇಲೂ ರಾತ್ರಿಪಾಳಿಗೆ ಬರುವ ಮಗ್ಗದ ಕಾರ್ಮಿಕನನ್ನು ಯಾರಾದರೂ ಎಳೆದು ತರುತ್ತಾರೆಯೇ? ಪ್ರಾವಿಡೆಂಟ್ ಫಂಡಿಗಾಗಿ, ಗ್ರಾಚುಯಿಟಿಗಾಗಿ ಕಾರ್ಮಿಕರು ಸಂಘ ಕಟ್ಟಿ ಹೋರಾಡಿದ್ದು ಏತಕ್ಕೆ? ಮುಷ್ಟಿಮಲ್ಲನಿಗೆ ಅಂಥ ಸಂಘಬಲ ಇರಲಿಲ್ಲ. ಕ್ಯಾಲಿಫೋರ್ನಿಯಾ ಪ್ರಾಂತ್ಯ 1980ರ ದಶಕದಲ್ಲಿ ಅವರಿಗೊಂದು ಪಿಂಚಣಿ ನಿಧಿ ಕಟ್ಟಿತು. 2000ದಲ್ಲಿ ಅಮೆರಿಕಾ ಅಲಿಯ ಹೆಸರಿನಲ್ಲೇ ಕಾಯಿದೆ ಮಾಡಿ, ಪಂದ್ಯದಿಂದ ತನಗೆಷ್ಟು ಬಂತೆಂದು ಗುತ್ತಿಗೆದಾರ ಮಲ್ಲನಿಗೆ ತಿಳಿಸಬೇಕೆಂದು ವಿಧಿಸಿತು. ಒಳ್ಳೆಯದೇ. ಆದರೆ ಆ ಕಾಯಿದೆ ಮುಪ್ಪಿನ ಅನ್ನಕ್ಕೆ ದಾರಿ ತೋರಿಸಲಿಲ್ಲ.

ತಲೆಗೆ ಬೀಳುವ ಗುದ್ದುಗಳಿಂದ ಮಿದುಳು ಕೆಡುತ್ತದೆಂದು ಡಾಕ್ಟರ್ ಹ್ಯಾರಿಸನ್ ಮಾರ್ಟ್‌ಲೆಂಡ್ 1928ರಲ್ಲೇ ಬರೆದಿದ್ದರು. ಗೊತ್ತಿಲ್ಲದೆ ಆದ ಅನಾಹುತ ಇದಲ್ಲ. ಪ್ರತಿ ಪಂದ್ಯದ ಹುಟ್ಟುವಳಿಯಲ್ಲಿ ಒಂದು ಪಾಲು ಮಲ್ಲರ ಪಿಂಚಣಿಗೆ ಮೊದಲು ಮುರಿದಿಡಬೇಕು, ಗುತ್ತಿಗೆದಾರನ ಸಂಬಳ ತಿನ್ನದ ವೈದ್ಯನೇ ‘ಸಾಕು’ ಎಂದು ಹೇಳುವ ಅಧಿಕಾರ ಪಡೆದಿರಬೇಕು. ಅಲ್ಲಿಯವರೆಗೆ, ಹೊಟ್ಟೆಪಾಡಿಗೆ ಮರಳಿ ಬಂದ ಮುದಿ ಮಲ್ಲನ ಸೋಲನ್ನು ಅವನ ತಲೆಗೆ ಕಟ್ಟುವ ಹಕ್ಕು ಗ್ಯಾಲರಿಯಲ್ಲಿ ಕೂತವರಿಗೆ ಇಲ್ಲ.