ಪರೀಕ್ಷೆ ಅಕ್ಕನಿಗೆ ಮಾತ್ರ ಏಕೆ?

ಅಕ್ಕ ಚೊಚ್ಚಲ ಬಸುರಿ. ಭಾವ ಕೆಲಸಕ್ಕೆಂದು ಬೇರೆ ಊರಿನಲ್ಲಿರುವುದರಿಂದ ಮೊದಲ ತಪಾಸಣೆಗೆ ಅವಳ ಜೊತೆ ನಾನೇ ಹೋಗಿದ್ದೆ. ತಾಯಿ ಕಾರ್ಡ್ ಬರೆದು, ತೂಕ, ಬಿಪಿ ನೋಡಿದ ಸಿಸ್ಟರ್, 'ಹಿಮೋಗ್ಲೋಬಿನ್ ಜೊತೆ ಎಚ್‌ಐವಿ, ಸಿಫಿಲಿಸ್ ಪರೀಕ್ಷೆಯನ್ನೂ ಮಾಡ್ತೀವಿ, ಒಪ್ಪಿಗೆ ಇದೆಯಾ?' ಎಂದರು. ಅಕ್ಕ ನೆಲ ನೋಡುತ್ತಲೇ ತಲೆಯಾಡಿಸಿದಳು. ನಾನು ಮೊಬೈಲ್ ನೋಡುವವನಂತೆ ನಟಿಸಿದೆ.

ಮನೆಯಲ್ಲಿ ಅಮ್ಮನಿಗೆ ಸಿಟ್ಟು ಬಂತು. 'ಮರ್ಯಾದಸ್ಥರ ಮನೆ ಹುಡುಗಿಗೆ ಆ ಟೆಸ್ಟ್ ಯಾಕಂತೆ?'

ಅಮ್ಮನಿಗೆ ನಾನು ಹೇಳಿದ್ದಿಷ್ಟೆ: ಅದು ನಡತೆಯ ಪರೀಕ್ಷೆಯಲ್ಲ. ಸಿಫಿಲಿಸ್ ಎಷ್ಟೋ ಸಲ ಯಾವ ಲಕ್ಷಣವನ್ನೂ ತೋರಿಸದೆ ದೇಹದಲ್ಲಿ ಅಡಗಿರುತ್ತದೆ. ಗೊತ್ತಾಗದಿದ್ದರೆ ಗರ್ಭಪಾತವಾಗಬಹುದು, ಮಗು ಹೊಟ್ಟೆಯಲ್ಲೇ ತೀರಿಕೊಳ್ಳಬಹುದು. ಬೇಗ ಗೊತ್ತಾದರೆ ಪೆನ್ಸಿಲಿನ್ ಇಂಜೆಕ್ಷನ್‌ನಿಂದಲೇ ಗುಣಪಡಿಸಬಹುದು. ಎಚ್‌ಐವಿ ಇರುವ ತಾಯಿಗೆ ಚಿಕಿತ್ಸೆ ಸಿಗದಿದ್ದರೆ ಮಗುವಿಗೆ ಹರಡುವ ಸಾಧ್ಯತೆ ಶೇ 15ರಿಂದ 45. ಸರಿಯಾಗಿ ಮಾತ್ರೆ ತೆಗೆದುಕೊಂಡರೆ ಅದು ಶೇ 5ಕ್ಕಿಂತ ಕಡಿಮೆ. ಹೆಪಟೈಟಿಸ್ ಬಿ ತಡೆಯಲು ಹುಟ್ಟಿದ 24 ಗಂಟೆಯೊಳಗೆ ಮಗುವಿಗೆ ಲಸಿಕೆ ಹಾಕಿಸಬೇಕು.

ಅಮ್ಮ ಒಪ್ಪಿದರು. ಒಪ್ಪದೇ ಹೋದವರು ಭಾವ. 'ನೀವೂ ಪರೀಕ್ಷೆ ಮಾಡಿಸಿಕೊಳ್ಳಬೇಕಂತೆ' ಎಂದು ಅಕ್ಕ ಫೋನಿನಲ್ಲಿ ಹೇಳಿದ್ದೇ ತಡ, 'ನನ್ನ ಮೇಲೇ ಅನುಮಾನವಾ?' ಎಂದು ರೇಗಿದರು. ಅಕ್ಕನ ರಕ್ತ ತೆಗೆದಾಗ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ.

ನನ್ನ ತಕರಾರು ಇಲ್ಲೇ ಇರುವುದು. ಹೆಂಡತಿಗೆ ಸಿಫಿಲಿಸ್ ಗುಣಪಡಿಸಿ ಗಂಡನನ್ನು ಹಾಗೇ ಬಿಟ್ಟರೆ ಸೋಂಕು ಅವಳಿಗೆ ಮತ್ತೆ ತಗಲಬಹುದು. ಮೂರನೇ ತಿಂಗಳಲ್ಲಿ ನೆಗೆಟಿವ್ ಬಂದವಳಿಗೆ ಏಳನೇ ತಿಂಗಳಲ್ಲಿ ಗಂಡನಿಂದ ಸೋಂಕು ಬರಬಹುದು. ಲ್ಯಾಬ್‌ನಲ್ಲಿ ಸರ್ಕ್ಯೂಟಿನ ಅರ್ಧ ಭಾಗ ಮಾತ್ರ ಪರೀಕ್ಷಿಸಿ 'ಸರಿಯಿದೆ' ಎಂದು ಬರೆದರೆ ನಮ್ಮ ಮೇಷ್ಟ್ರು ರೆಕಾರ್ಡ್‌ಗೆ ಸಹಿ ಹಾಕುತ್ತಾರೆಯೇ? ಇನ್ನೂ ಒಂದು ಅನ್ಯಾಯವಿದೆ. ಮೊದಲು ಪರೀಕ್ಷೆ ಆಗುವುದು ಹೆಣ್ಣಿಗೆ, ಹಾಗಾಗಿ ರೋಗ ತಂದವಳು ಎಂಬ ಮಾತೂ ಮೊದಲು ಅವಳ ಮೇಲೆಯೇ.

ಪರೀಕ್ಷೆಗೆ ಯಾರನ್ನೂ ಬಲವಂತ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಎಚ್‌ಐವಿ ಪರೀಕ್ಷೆಗೆ ಒಪ್ಪಿಗೆ ಬೇಕು, ಫಲಿತಾಂಶ ಗುಟ್ಟಾಗಿರಬೇಕು ಎಂದು 2017ರ ಕಾಯ್ದೆಯೇ ಹೇಳುತ್ತದೆ. ಆ ಒಪ್ಪಿಗೆಯನ್ನು ತಮ್ಮನ ಎದುರಿಗಲ್ಲ, ಪ್ರತ್ಯೇಕವಾಗಿ ಕೇಳಬೇಕು. ಗಂಡಂದಿರು ತಾವಾಗಿಯೇ ತೋಳು ಚಾಚಲಿ ಎಂಬುದಷ್ಟೇ ನನ್ನ ಆಸೆ.

ಅಕ್ಕನ ರಿಪೋರ್ಟ್ ನೆಗೆಟಿವ್ ಬಂದಿದೆ. ಭಾವ ಇನ್ನೂ ಮನಸ್ಸು ಮಾಡಿಲ್ಲ. ಗೆಳೆಯರೇ, ನಾಳೆ ನಾವೂ ಗಂಡಂದಿರಾಗುವವರು. ಆ ದಿನ ಹೊರಗಿನ ಬೆಂಚಿನಲ್ಲಿ ಮೊಬೈಲ್ ನೋಡುತ್ತ ಕೂರದೆ, ಹೆಂಡತಿಯ ಜೊತೆ ಒಳಗೆ ಹೋಗೋಣ.